ಎಣ್ಣೆ ಹೊಡೆಯುವ ಪಂಪಿನಲ್ಲಿ ಪ್ರೆಷರ್ ಬರುತ್ತಿಲ್ಲವೇ? ತಿರುಪು ಬಿಗಿ ಮಾಡುವ ಮುನ್ನ ಇದನ್ನು ಓದಿ

"ಪಂಪಿನಲ್ಲಿ ಪ್ರೆಷರ್ ಇಲ್ಲದಿದ್ದರೆ ರೆಗ್ಯುಲೇಟರ್ ತಿರುಪನ್ನು ಪೂರ್ತಿ ಬಿಗಿ ಮಾಡಿ. ಆಗಲೂ ಸರಿಹೋಗದಿದ್ದರೆ ನಾಜಲ್ ತೂತಿಗೆ ತಂತಿ ಹಾಕಿ ಸ್ವಲ್ಪ ಅಗಲ ಮಾಡಿ."

ರೈತರ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಸಲಹೆಗಳಿಗೆ ಕೊರತೆಯಿಲ್ಲ. ಕೇಳಲು ಸುಲಭ, ಖರ್ಚೂ ಇಲ್ಲ. ಆದರೆ ಎರಡೂ ತಪ್ಪು. ಮೊದಲನೆಯದರಿಂದ ಪೈಪು ಸಿಡಿಯಬಹುದು. ಎರಡನೆಯದರಿಂದ ಇದ್ದ ಪ್ರೆಷರ್ ಕೂಡ ಇಳಿಯುತ್ತದೆ, ಜೊತೆಗೆ ಹೊಲಕ್ಕೆ ಬೀಳುವ ವಿಷದ ಪ್ರಮಾಣ ನಿಮಗೆ ಗೊತ್ತಿಲ್ಲದಂತೆ ಹೆಚ್ಚುತ್ತದೆ.

ದಾವಣಗೆರೆ ಕಡೆ ಕೀಟನಾಶಕಕ್ಕೆ "ಎಣ್ಣೆ" ಎನ್ನುವುದೇ ರೂಢಿ. ಸುತ್ತ ಮೆಕ್ಕೆಜೋಳ, ಭದ್ರಾ ನಾಲೆಯ ಕೆಳಗೆ ಭತ್ತ, ಚನ್ನಗಿರಿ ಕಡೆ ಅಡಿಕೆ. ಮೂರಕ್ಕೂ ಪಂಪು ಬೇಕು. 2018ರಲ್ಲಿ ಫಾಲ್ ಆರ್ಮಿವರ್ಮ್ ಎಂಬ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದೇ ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ. ಈ ಹುಳು ಬೆಳೆಯ ಸುಳಿಯೊಳಗೆ ಅಡಗಿ ಕೂರುತ್ತದೆ. ಔಷಧ ಸುಳಿಗೆ ಇಳಿಯದಿದ್ದರೆ ಹೊಡೆದೂ ಪ್ರಯೋಜನವಿಲ್ಲ. ಹಾಗಾಗಿ "ಪ್ರೆಷರ್ ಸಾಲುತ್ತಿಲ್ಲ" ಎಂಬ ದೂರು ಸಣ್ಣದಲ್ಲ, ಅದರ ಹಿಂದೆ ಇಡೀ ಬೆಳೆಯ ಚಿಂತೆ ಇರುತ್ತದೆ. ಆದರೆ ಪ್ರೆಷರ್ ಯಾಕೆ ಬಿತ್ತು ಎಂದು ನೋಡದೆ ಅದನ್ನು ಏರಿಸಲು ಹೊರಟರೆ ನಷ್ಟ ಬೆಳೆಗೆ ಮಾತ್ರವಲ್ಲ, ಹೊಡೆಯುವವರ ಆರೋಗ್ಯಕ್ಕೂ ಆಗುತ್ತದೆ.

ಪ್ರೆಷರ್ ಹುಟ್ಟುವುದು ಎಲ್ಲಿ?

ಅಂಗಳಕ್ಕೆ ನೀರು ಬಿಡುವ ಪೈಪಿನ ತುದಿಗೆ ಹೆಬ್ಬೆರಳು ಒತ್ತಿ ಹಿಡಿಯಿರಿ. ನೀರು ದೂರಕ್ಕೆ ಚಿಮ್ಮುತ್ತದೆ. ಬೆರಳು ತೆಗೆದರೆ ಕಾಲ ಬುಡದಲ್ಲೇ ಬೀಳುತ್ತದೆ. ಟ್ಯಾಂಕು ಅದೇ, ನಲ್ಲಿಯೂ ಅದೇ. ಬದಲಾದದ್ದು ನೀರು ಹೊರಬರುವ ದಾರಿಯ ಅಗಲ ಮಾತ್ರ.

ಸ್ಪ್ರೇಯರ್ ಕೆಲಸ ಮಾಡುವುದೂ ಹೀಗೆಯೇ. ಪಂಪು ನೀರನ್ನು ಮುಂದಕ್ಕೆ ತಳ್ಳುತ್ತದೆ, ನಾಜಲ್‌ನ ಸಣ್ಣ ತೂತು ಅದನ್ನು ತಡೆಯುತ್ತದೆ. ಈ ತಳ್ಳಾಟದಲ್ಲಿ ಹುಟ್ಟುವುದೇ ಪ್ರೆಷರ್. ಹಾಗಾದರೆ ಪ್ರೆಷರ್ ಬೀಳಲು ಮುಖ್ಯವಾಗಿ ಮೂರೇ ಕಾರಣ. ಪಂಪಿಗೆ ಸಾಕಷ್ಟು ನೀರು ಬರುತ್ತಿಲ್ಲ, ಅಥವಾ ತಳ್ಳಿದ ನೀರು ನಾಜಲ್ ತಲುಪುವ ಮೊದಲೇ ಬೇರೆ ದಾರಿಯಲ್ಲಿ ಹೋಗುತ್ತಿದೆ, ಅಥವಾ ನಾಜಲ್ ತೂತು ಸವೆದು ದೊಡ್ಡದಾಗಿದೆ. ಯಾವುದು ಎಂದು ಗೊತ್ತಾದರೆ ಅರ್ಧ ರಿಪೇರಿ ಮುಗಿದಂತೆ.

ನಾಜಲ್ ತೂತು ದೊಡ್ಡದು ಮಾಡಿದರೆ ಏನಾಗುತ್ತದೆ?

ನಾಜಲ್ ತೂತಿನ ಅಡ್ಡಳತೆ 1 ಮಿಲಿಮೀಟರ್ ಎಂದುಕೊಳ್ಳಿ. ತಂತಿ ಆಡಿಸಿದ್ದರಿಂದ ಅದು 1.1 ಮಿಲಿಮೀಟರ್ ಆಯಿತು. ಕಣ್ಣಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಆದರೆ ತೂತಿನ ವಿಸ್ತೀರ್ಣ 21% ಹೆಚ್ಚಾಗಿರುತ್ತದೆ. ಪಂಪಿಗೆ ಶಕ್ತಿ ಇದ್ದರೆ ಅಷ್ಟು ಹೆಚ್ಚು ದ್ರಾವಣ ಹೊರಹೋಗುತ್ತದೆ. ಶಕ್ತಿ ಇಲ್ಲದಿದ್ದರೆ ಪ್ರೆಷರ್ ಬಿದ್ದು ದಪ್ಪ ಹನಿಗಳು ಎಲೆಯಿಂದ ಜಾರಿ ನೆಲಕ್ಕೆ ಬೀಳುತ್ತವೆ. ತಂತಿಯಿಂದ ತೂತಿನ ಅಂಚು ಓರೆಯಾದರೆ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಬೀಳುವುದೂ ಉಂಟು.

ತಂತಿ ಹಾಕದಿದ್ದರೂ ನಾಜಲ್ ತಾನಾಗಿಯೇ ಸವೆಯುತ್ತದೆ. ಪುಡಿ ರೂಪದ ಔಷಧ, ನೀರಿನಲ್ಲಿರುವ ಮರಳು, ಸುಣ್ಣ ಎಲ್ಲವೂ ತೂತನ್ನು ಉಜ್ಜುತ್ತಲೇ ಇರುತ್ತವೆ. ಹಿತ್ತಾಳೆಯ ನಾಜಲ್ ಬೇಗ ಸವೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಅದಕ್ಕಿಂತ ಹೆಚ್ಚು ಬಾಳುತ್ತದೆ, ಸೆರಾಮಿಕ್ ಇನ್ನೂ ಹೆಚ್ಚು.

ಲೆಕ್ಕ ನೋಡಿ. ಹೊಸ ನಾಜಲ್‌ನಿಂದ ನಿಮಿಷಕ್ಕೆ 600 ಮಿ.ಲೀ. ಬರುತ್ತಿತ್ತು, ಈಗ 780 ಮಿ.ಲೀ. ಬರುತ್ತಿದೆ ಎಂದುಕೊಳ್ಳೋಣ. ಅಂದರೆ 30% ಹೆಚ್ಚು. ಅದೇ ನಡಿಗೆಯಲ್ಲಿ ಎಕರೆಗೆ 200 ಲೀಟರ್ ಹೋಗುತ್ತಿದ್ದ ಕಡೆ 260 ಲೀಟರ್ ಹೋಗುತ್ತದೆ. 16 ಲೀಟರ್ ಟ್ಯಾಂಕಿನ ಲೆಕ್ಕದಲ್ಲಿ ಹನ್ನೆರಡೂವರೆ ಟ್ಯಾಂಕಿನ ಬದಲು ಹದಿನಾರಕ್ಕೂ ಹೆಚ್ಚು. ಪ್ರತಿ ಟ್ಯಾಂಕಿಗೂ ನೀವು ಅಳೆದೇ ಔಷಧ ಹಾಕಿರುತ್ತೀರಿ. ಆದರೂ ಎಕರೆಗೆ ಸುಮಾರು ನಾಲ್ಕು ಟ್ಯಾಂಕಿನಷ್ಟು ಔಷಧ ಹೆಚ್ಚುವರಿ ಖರ್ಚಾಯಿತು. ಹೊಸ ನಾಜಲ್‌ನ ಬೆಲೆಯನ್ನು ಇದರ ಜೊತೆ ಹೋಲಿಸಿ ನೋಡಿ.

ಪ್ರೆಷರ್ ಜಾಸ್ತಿ ಇದ್ದಷ್ಟೂ ಔಷಧ ಚೆನ್ನಾಗಿ ಹಿಡಿಯುತ್ತದೆಯೇ?

ಇಲ್ಲ. ಇಲ್ಲಿ ಎರಡು ವಿಷಯ ತಿಳಿದಿರಬೇಕು.

ಒಂದು, ಪ್ರೆಷರ್ ಎರಡು ಪಟ್ಟು ಮಾಡಿದರೆ ಹೊರಬರುವ ದ್ರಾವಣ ಎರಡು ಪಟ್ಟಾಗುವುದಿಲ್ಲ, ಸುಮಾರು 1.4 ಪಟ್ಟಾಗುತ್ತದೆ. ದ್ರಾವಣ ಎರಡು ಪಟ್ಟು ಬೇಕೆಂದರೆ ಪ್ರೆಷರ್ ನಾಲ್ಕು ಪಟ್ಟು ಬೇಕು. ಹಳೆಯ ಪಂಪಿನಿಂದ ಇದನ್ನು ನಿರೀಕ್ಷಿಸಿದರೆ ಸೀಲು, ಪೈಪು, ಬೆಲ್ಟ್ ಎಲ್ಲಕ್ಕೂ ಪೆಟ್ಟು.

ಎರಡು, ಪ್ರೆಷರ್ ಏರಿದಂತೆ ಹನಿಗಳು ಸಣ್ಣದಾಗುತ್ತವೆ. ಗಾಳಿಯೇ ಇಲ್ಲದ ಕಡೆ 100 ಮೈಕ್ರಾನ್ ಗಾತ್ರದ ಹನಿ 10 ಅಡಿ ಎತ್ತರದಿಂದ ನೆಲಕ್ಕೆ ಬೀಳಲು ಸುಮಾರು 10 ಸೆಕೆಂಡು ಬೇಕು. 20 ಮೈಕ್ರಾನ್ ಹನಿಗೆ 4 ನಿಮಿಷ ಬೇಕು. ಅಷ್ಟು ಹೊತ್ತು ಅದು ಗಾಳಿಯಲ್ಲೇ ತೇಲುತ್ತದೆ. ಗಾಳಿ ಬೀಸಿದರೆ ಪಕ್ಕದ ಹೊಲಕ್ಕೋ, ಮನೆ ಅಂಗಳಕ್ಕೋ, ನಿಮ್ಮ ಮೂಗಿಗೋ ಹೋಗುತ್ತದೆ. "ಮಂಜಿನ ಹಾಗೆ ಬರುತ್ತಿದೆ, ಪ್ರೆಷರ್ ಚೆನ್ನಾಗಿದೆ" ಎಂದು ಖುಷಿಪಡುವ ಮುನ್ನ ಆ ಮಂಜು ಎಲ್ಲಿಗೆ ಹೋಗುತ್ತಿದೆ ಎಂದು ನೋಡಬೇಕು.

2017ರ ಮುಂಗಾರಿನಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಕೀಟನಾಶಕ ಹೊಡೆಯುವಾಗ ವಿಷ ಮೈಸೇರಿ ಸುಮಾರು 20 ರೈತರು, ಕೂಲಿಕಾರರು ಸತ್ತರು. ನೂರಾರು ಮಂದಿ ಆಸ್ಪತ್ರೆ ಸೇರಿದರು. ಆಳೆತ್ತರ ಬೆಳೆದ ಹತ್ತಿ, ಸೆಕೆ, ಹಲವು ಔಷಧಗಳ ಮಿಶ್ರಣ, ಮೈಮೇಲೆ ರಕ್ಷಣೆ ಇಲ್ಲದಿರುವುದು ಎಂದು ಅಂದು ಹಲವು ಕಾರಣಗಳು ಚರ್ಚೆಯಾದವು. ಸಣ್ಣ ಹನಿಗಳನ್ನು ಚಿಮ್ಮಿಸುವ ಪವರ್ ಪಂಪುಗಳ ಹೆಸರೂ ಅವುಗಳಲ್ಲಿತ್ತು. ನಮ್ಮ ಮೆಕ್ಕೆಜೋಳವೂ ಆಳೆತ್ತರ ಬೆಳೆಯುತ್ತದೆ ಎಂಬುದು ನೆನಪಿರಲಿ.

ಪಂಪಿಗೆ ಕೈ ಹಾಕುವ ಮುನ್ನ

• ಟ್ಯಾಂಕಿನ ಔಷಧ ಖಾಲಿ ಮಾಡಿ, ಮೂರು ಬಾರಿ ನೀರು ಹಾಕಿ ತೊಳೆಯಿರಿ. ಪರೀಕ್ಷೆ ಎಲ್ಲವೂ ಬರೀ ನೀರಿನಲ್ಲೇ ಆಗಲಿ.
• ತೊಳೆದ ನೀರನ್ನು ಅದೇ ಔಷಧ ಹೊಡೆದ ಹೊಲಕ್ಕೇ ಸಿಂಪಡಿಸಿ. ನಾಲೆ, ಕೆರೆ, ಬಾವಿ ಹತ್ತಿರ ಬೇಡ. ಭದ್ರಾ ನಾಲೆಯ ನೀರನ್ನು ಮುಂದಿನ ಊರಿನ ದನಕರುಗಳೂ ಕುಡಿಯುತ್ತವೆ.
• ಕೈಗವಸು ಹಾಕಿ. ಎಂಜಿನ್ ನಿಲ್ಲಿಸಿ, ಗನ್ ಒತ್ತಿ ಪೈಪಿನಲ್ಲಿ ಉಳಿದ ಪ್ರೆಷರ್ ಪೂರ್ತಿ ಬಿಟ್ಟ ಮೇಲೆಯೇ ಯಾವುದೇ ನಟ್ ಬಿಚ್ಚಿ.
• ಪೈಪಿನಲ್ಲಿ ಎಲ್ಲಿ ಸೋರುತ್ತಿದೆ ಎಂದು ಬೆರಳಿನಿಂದ ಹುಡುಕಬೇಡಿ. ಸುಮಾರು 7 ಕೆ.ಜಿ. ಪ್ರೆಷರ್‌ನಲ್ಲೇ ದ್ರವ ಚರ್ಮ ತೂರಿ ಒಳಹೋಗಬಲ್ಲದು. ಅಡಿಕೆ ತೋಟದ ಪವರ್ ಸ್ಪ್ರೇಯರ್ 20 ಕೆ.ಜಿ.ಗೂ ಮೇಲೆ ಕೆಲಸ ಮಾಡುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಒಳಗೆ ಔಷಧ ಹರಡಿರುತ್ತದೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸೋರಿಕೆ ಹುಡುಕಲು ರಟ್ಟಿನ ತುಂಡು ಬಳಸಿ.
• ಕಟ್ಟಿಕೊಂಡ ನಾಜಲ್‌ಗೆ ಬಾಯಿ ಹಾಕಿ ಊದಬೇಡಿ. ನೀರಿನಲ್ಲಿ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಸಾಕು. ಆ ಬ್ರಷ್ ಮತ್ತೆ ಮನೆಯೊಳಗೆ ಬರಬಾರದು.

ಮೊದಲು ಗೇಜ್ ನೋಡಿ, ಆಮೇಲೆ ನಾಜಲ್ ನೋಡಿ

ಎಂಜಿನ್‌ಗೆ ಬೆಲ್ಟ್ ಹಾಕಿ ಓಡಿಸುವ ಮೂರು ಪಿಸ್ಟನ್‌ನ ಪವರ್ ಸ್ಪ್ರೇಯರ್‌ನಲ್ಲಿ ಪ್ರೆಷರ್ ಗೇಜ್ ಇರುತ್ತದೆ. ಯಂತ್ರ ನಿಲ್ಲಿಸಿ ಪ್ರೆಷರ್ ಬಿಟ್ಟಾಗ ಅದರ ಮುಳ್ಳು ಸೊನ್ನೆಗೆ ಬರಬೇಕು. ಬಾರದಿದ್ದರೆ ಗೇಜೇ ಕೆಟ್ಟಿದೆ, ಅದನ್ನು ನಂಬಿ ಯಾವ ತಿರುಪನ್ನೂ ತಿರುಗಿಸಬೇಡಿ.

ಗೇಜ್ ಸರಿಯಿದ್ದರೆ ಬರೀ ನೀರಿನಲ್ಲಿ ಯಂತ್ರ ಓಡಿಸಿ, ಗನ್ ಬಿಟ್ಟು ನೋಡಿ.

• ಮುಳ್ಳು ಮೇಲಿದೆ, ನಾಜಲ್‌ನಲ್ಲಿ ಮಾತ್ರ ನೀರಿಲ್ಲ: ಗೇಜ್ ದಾಟಿದ ಮೇಲೆ ಎಲ್ಲೋ ಕಟ್ಟಿಕೊಂಡಿದೆ. ನಾಜಲ್, ಗನ್ನಿನ ಜಾಲರಿ, ಪೈಪು ನೋಡಿ. ಹಳೆಯ ಪೈಪಿನ ಒಳಗಿನ ರಬ್ಬರ್ ಸುಲಿದು ದಾರಿ ಮುಚ್ಚುವುದೂ ಉಂಟು.
• ಮುಳ್ಳು ಕೆಳಗಿದೆ, ನಾಜಲ್‌ನಿಂದ ದಪ್ಪ ಹನಿಗಳಾಗಿ ಧಾರಾಳವಾಗಿ ನೀರು ಬರುತ್ತಿದೆ: ನಾಜಲ್ ಸವೆದಿದೆ. ಹೊಸದು ಹಾಕಿ.
• ಮುಳ್ಳೂ ಕೆಳಗಿದೆ, ನೀರೂ ಕಡಿಮೆ: ತೊಂದರೆ ಪಂಪಿನಲ್ಲಿ ಅಥವಾ ಅದಕ್ಕೂ ಹಿಂದೆ ಇದೆ.

ಮೂರನೆಯದಾದರೆ ಈ ಕ್ರಮದಲ್ಲಿ ಹುಡುಕಿ. ಖರ್ಚಿಲ್ಲದ್ದು ಮೊದಲು, ಬಿಚ್ಚಬೇಕಾದದ್ದು ಕೊನೆಗೆ.

*ನೀರು ಎಳೆಯುವ ಪೈಪು:* ತುದಿಯ ಜಾಲರಿ ಕೆಸರಿನಲ್ಲಿ ಹೂತಿದೆಯೇ? ಎಲೆ, ಪಾಚಿ ಸುತ್ತಿದೆಯೇ? ಪೈಪು ಮೆತ್ತಗಾಗಿ ಎಳೆತಕ್ಕೆ ಚಪ್ಪಟೆಯಾಗುತ್ತಿದೆಯೇ? ಪೈಪು ಸೇರುವ ಜಾಗದಲ್ಲಿ ಗಾಳಿ ಎಳೆದುಕೊಂಡರೆ ಪಂಪು ನೀರಿನ ಬದಲು ಗಾಳಿ ತಳ್ಳುತ್ತದೆ. ಆಗ ಗೇಜಿನ ಮುಳ್ಳು ಕುಣಿಯುತ್ತದೆ, ವಾಪಸ್ ಪೈಪಿನಲ್ಲಿ ಗುಳ್ಳೆ ಬರುತ್ತದೆ. ಅನುಮಾನ ಇರುವ ಜಾಗದ ಮೇಲೆ ನೀರು ಸುರಿಯಿರಿ. ಸದ್ದು ಬದಲಾಗಿ ಪ್ರೆಷರ್ ಏರಿದರೆ ಗಾಳಿ ಹೋಗುತ್ತಿರುವುದು ಅಲ್ಲಿಂದಲೇ. ವಾಷರ್ ಬದಲಿಸಿ ಕ್ಲಾಂಪ್ ಬಿಗಿ ಮಾಡಿದರೆ ಸರಿಹೋಗುತ್ತದೆ.

*ಬೆಲ್ಟ್:* ಸಡಿಲವಾದ ಬೆಲ್ಟ್ ಲೋಡ್ ಬಂದಾಗ ಜಾರುತ್ತದೆ. ಕಿರುಗುಟ್ಟುವ ಸದ್ದು, ಪುಲ್ಲಿಯ ಸುತ್ತ ಕಪ್ಪು ಪುಡಿ ಇದರ ಗುರುತು. ಎಂಜಿನ್ ಜೋರಾಗಿ ಓಡುತ್ತಿದ್ದರೂ ಪಂಪು ನಿಧಾನವಾಗಿ ತಿರುಗುತ್ತಿರುತ್ತದೆ.

*ವಾಪಸ್ ಪೈಪು:* ಇದು ಹಲವರು ಬಿಟ್ಟುಬಿಡುವ ಪರೀಕ್ಷೆ. ಗನ್ ಬಿಟ್ಟಿರುವಾಗ ವಾಪಸ್ ಪೈಪಿನಿಂದ ಟ್ಯಾಂಕಿಗೆ ಎಷ್ಟು ನೀರು ಬೀಳುತ್ತಿದೆ ನೋಡಿ. ಜೋರಾಗಿ ಬೀಳುತ್ತಿದ್ದರೆ ಪಂಪು ಚೆನ್ನಾಗಿದೆ. ರೆಗ್ಯುಲೇಟರ್‌ನ ವಾಲ್ವ್ ಕೂರುವ ಜಾಗ ಸವೆದಿದೆ ಅಥವಾ ಅಲ್ಲಿ ಕಸ ಸಿಕ್ಕಿದೆ, ಹಾಗಾಗಿ ನೀರು ಹಿಂದಕ್ಕೆ ಓಡುತ್ತಿದೆ. ವಾಪಸ್ ನೀರೂ ಕಡಿಮೆ ಇದ್ದರೆ ಪಂಪೇ ನೀರು ತಳ್ಳುತ್ತಿಲ್ಲ.

ತಿರುಪನ್ನು ಪೂರ್ತಿ ಬಿಗಿ ಮಾಡಬಾರದು ಎನ್ನುವುದು ಇದಕ್ಕೇ. ಗನ್ ಮುಚ್ಚಿದಾಗ ನೀರು ಹೋಗಬೇಕಾದ ದಾರಿ ಈ ರೆಗ್ಯುಲೇಟರ್. ಅದನ್ನೂ ಮುಚ್ಚಿಬಿಟ್ಟರೆ ಪಂಪು ತಳ್ಳಿದ ನೀರಿಗೆ ಜಾಗವೇ ಇರುವುದಿಲ್ಲ. ಆಗ ಬೆಲ್ಟ್ ಜಾರುತ್ತದೆ, ಎಂಜಿನ್ ನಿಲ್ಲುತ್ತದೆ, ಅಥವಾ ಹಳೆಯ ಪೈಪು ಎಲ್ಲಿ ಬಡವಾಗಿದೆಯೋ ಅಲ್ಲಿ ಸಿಡಿಯುತ್ತದೆ. ಸಿಡಿಯುವಾಗ ಒಳಗೆ ಇರುವುದು ಔಷಧ.

*ಪಂಪಿನ ವಾಲ್ವ್ ಮತ್ತು ಸೀಲ್:* ಮುಳ್ಳು ಒಂದೇ ತಾಳದಲ್ಲಿ ಏರಿಳಿಯುತ್ತಾ, ಪೈಪು ಜಗ್ಗಿದಂತೆ ನಡುಗುತ್ತಿದ್ದರೆ ಮೂರು ಪಿಸ್ಟನ್‌ಗಳಲ್ಲಿ ಒಂದರ ವಾಲ್ವ್ ಕೂರುತ್ತಿಲ್ಲ ಎಂದರ್ಥ. ಮರಳಿನ ಒಂದು ಕಣ ಸಾಕು. ಬಿಚ್ಚಿ ತೊಳೆದರೆ ಬಹಳ ಸಲ ಸರಿಹೋಗುತ್ತದೆ. ಪಿಸ್ಟನ್ ಕೆಳಗಿನಿಂದ ನೀರು ಧಾರೆಯಾಗಿ ಸೋರುತ್ತಿದ್ದರೆ ಸೀಲ್ ಹೋಗಿದೆ. ಪಂಪಿನ ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ಅದರಲ್ಲಿ ನೀರು ಸೇರಿದೆ. ಆ ಪಂಪನ್ನು ಇನ್ನು ಓಡಿಸಬೇಡಿ, ಬೇರಿಂಗ್ ಕೂಡ ಹಾಳಾಗುತ್ತದೆ.

ಅಡಿಕೆ ತೋಟದವರಿಗೆ ಒಂದು ಮಾತು

ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪದ್ಧತಿಯನ್ನು ಮೈಸೂರು ಸಂಸ್ಥಾನದಲ್ಲಿ 1910ರ ಸುಮಾರಿಗೆ ಬಳಕೆಗೆ ತಂದವರು ವಿಜ್ಞಾನಿ ಲೆಸ್ಲಿ ಕೋಲ್ಮನ್. ನೂರು ವರ್ಷ ದಾಟಿದರೂ ಅದೇ ಮೈಲುತುತ್ತ, ಅದೇ ಸುಣ್ಣ. ಪಂಪಿನ ತೊಂದರೆಯೂ ಅಲ್ಲೇ ಇದೆ. ಸುಣ್ಣದ ತಿಳಿಯನ್ನು ಬಟ್ಟೆಯಲ್ಲಿ ಸೋಸದೆ ಹಾಕಿದರೆ ಅದರ ಹರಳುಗಳು ವಾಲ್ವ್, ಜಾಲರಿ, ನಾಜಲ್‌ಗಳಲ್ಲಿ ಕೂರುತ್ತವೆ. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ಕೆಲಸ ಮುಗಿದ ದಿನವೇ ಪಂಪಿನಲ್ಲಿ ಒಳ್ಳೆಯ ನೀರು ಓಡಿಸದಿದ್ದರೆ ಮುಂದಿನ ಮಳೆಗಾಲಕ್ಕೆ ಪ್ರೆಷರ್ ಇರುವುದಿಲ್ಲ.

"ಮರ ಎತ್ತರ, ಅದಕ್ಕೇ ಪ್ರೆಷರ್ ಸಾಲದು" ಎಂಬ ಮಾತೂ ಪೂರ್ತಿ ನಿಜವಲ್ಲ. 10 ಮೀಟರ್ ಎತ್ತರಕ್ಕೆ ಪೈಪು ಒಯ್ದರೆ ಕಳೆಯುವುದು ಸುಮಾರು 1 ಕೆ.ಜಿ. ಪ್ರೆಷರ್ ಮಾತ್ರ. ಸಣ್ಣ ಪೈಪನ್ನು ನೂರಾರು ಅಡಿ ಎಳೆದಾಗ ಒಳಗಿನ ಉಜ್ಜಾಟದಿಂದ ಅದಕ್ಕಿಂತ ಹೆಚ್ಚು ಕಳೆಯಬಹುದು. ಬೇಡದ ಉದ್ದ ತೆಗೆದು, ಮಡಿಕೆ ಬಿಡಿಸಿ ನೋಡಿ.

ಬೆನ್ನಿನ ಪಂಪಾದರೆ?

ಕೈಯಲ್ಲಿ ಹೊಡೆಯುವ ಪಂಪಿಗೆ ಗೇಜ್ ಇರುವುದಿಲ್ಲ. ಹಿಡಿಯೇ ಅದರ ಗೇಜ್.

• ಹಿಡಿ ಹಗುರವಾಗಿ ಆಡುತ್ತಿದೆ, ಪ್ರೆಷರ್ ಏರುತ್ತಿಲ್ಲ: ಪಿಸ್ಟನ್ ವಾಷರ್ ಒಣಗಿದೆ ಅಥವಾ ಸವೆದಿದೆ, ಇಲ್ಲವೇ ವಾಲ್ವ್ ಗೋಲಿಯ ಕೆಳಗೆ ಕಸ ಇದೆ.
• ಕೈ ಬಿಟ್ಟರೆ ಹಿಡಿ ತಾನಾಗಿಯೇ ಸರಿಯುತ್ತದೆ: ತಳ್ಳಿದ ನೀರು ಹಿಂದಕ್ಕೆ ಬರುತ್ತಿದೆ, ವಾಲ್ವ್ ಹಿಡಿಯುತ್ತಿಲ್ಲ.
• ಹಿಡಿ ಭಾರ, ಆದರೆ ನೀರಿಲ್ಲ: ಮುಂದೆ ಕಟ್ಟಿಕೊಂಡಿದೆ. ಇನ್ನೂ ಬಲ ಹಾಕಬೇಡಿ.
• ಮೊದಲು ಚೆನ್ನಾಗಿ ಬಂದು ಸ್ವಲ್ಪ ಹೊತ್ತಿನಲ್ಲೇ ಕಡಿಮೆಯಾಗುತ್ತದೆ: ಮುಚ್ಚಳದಲ್ಲಿ ಗಾಳಿಯಾಡಲು ಇರುವ ಸಣ್ಣ ತೂತು ಮುಚ್ಚಿರಬಹುದು. ಹೊರಗಿನ ಗಾಳಿ ಬಾರದೆ ಒಳಗಿನ ನೀರು ಇಳಿಯುವುದಿಲ್ಲ.

ಬ್ಯಾಟರಿ ಪಂಪಾದರೆ ಮೊದಲು ಬ್ಯಾಟರಿ ನೋಡಿ. ಹಳೆಯ ಬ್ಯಾಟರಿ ಪೂರ್ತಿ ಚಾರ್ಜ್ ತೋರಿಸಿದರೂ ಮೋಟರ್ ಓಡಲು ಶುರುವಾದ ಕೂಡಲೇ ಕುಸಿಯುತ್ತದೆ. ಗನ್ ಮುಚ್ಚಿದಾಗ ಮೋಟರ್ ನಿಲ್ಲಬೇಕು. ಮತ್ತೆ ಮತ್ತೆ ತಾನಾಗಿಯೇ ಓಡುತ್ತಿದ್ದರೆ ಸೋರಿಕೆಯ ಅನುಮಾನ ಮೊದಲು ಬರಲಿ. ಆ ಸೋರಿಕೆ ನಿಮ್ಮ ಬೆನ್ನಿನ ಮೇಲೇ ಆಗುತ್ತಿರಬಹುದು. ಬೆವರಿನಿಂದ ಒದ್ದೆಯಾದ ಅಂಗಿಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಚರ್ಮದ ಮೂಲಕವೂ ವಿಷ ಮೈಸೇರುತ್ತದೆ.

ಕರೂರಿನ ಕಡೆ ರಿಪೇರಿಗೆ ಒಯ್ಯುವಾಗ

ದಾವಣಗೆರೆ–ಹರಿಹರ ಭಾಗಕ್ಕೆ ಯಂತ್ರದ ಕೆಲಸ ಹೊಸದಲ್ಲ. ಲೇತ್ ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಹರಿಹರದಲ್ಲಿ ಶುರುವಾದದ್ದು 1941ರಲ್ಲಿ. ಇಂದಿಗೂ ಕರೂರು ಕೈಗಾರಿಕಾ ಪ್ರದೇಶದಂಥ ಕಡೆಗೆ ಹಳೆಯ ಪಂಪು ಒಯ್ಯಲು ಹೊರಟರೆ ಮೂರು ವಿಷಯ ನೆನಪಿಡಿ.

ಮೊದಲನೆಯದು, ಪಂಪು ತೊಳೆದು ಒಯ್ಯಿರಿ. ಯಾವ ಔಷಧ ಹೊಡೆದದ್ದು ಎಂದು ಹೇಳಿ. ಬಿಚ್ಚುವ ಮೆಕ್ಯಾನಿಕ್ ಕೈಗವಸು ಹಾಕದೇ ಇರಬಹುದು, ಅದೇ ಕೈಯಲ್ಲಿ ಚಹಾ ಕುಡಿಯಬಹುದು.

ಎರಡನೆಯದು, "ಪ್ರೆಷರ್ ಇಲ್ಲ" ಎಂದಷ್ಟೇ ಹೇಳಬೇಡಿ. "ಮುಳ್ಳು ಕೆಳಗಿದೆ, ವಾಪಸ್ ಪೈಪಿನಲ್ಲಿ ಜೋರಾಗಿ ನೀರು ಬರುತ್ತಿದೆ" ಎನ್ನಿ. ಬೇಡದ ಭಾಗ ಬಿಚ್ಚುವುದು, ಬೇಡದ ಖರ್ಚು ಎರಡೂ ತಪ್ಪುತ್ತವೆ.

ಮೂರನೆಯದು, ಪುಲ್ಲಿ, ಶಾಫ್ಟ್, ವಾಲ್ವ್ ಕೂರುವ ಜಾಗ ಇವನ್ನು ಲೇತ್‌ನಲ್ಲಿ ಸರಿಮಾಡಿಸಬಹುದು. ನಾಜಲ್, ವಾಷರ್, ಸೀಲ್, ಪೈಪು ಇವನ್ನು ಸರಿಮಾಡಿಸಲು ಹೋಗಬೇಡಿ, ಹೊಸದು ಹಾಕಿಸಿ.

ವರ್ಷಕ್ಕೊಮ್ಮೆಯಾದರೂ ಒಂದು ನಿಮಿಷದ ಪರೀಕ್ಷೆ

ಅಳತೆಯ ಗುರುತು ಇರುವ ಜಗ್ಗು ತನ್ನಿ. ಅದನ್ನು ಅಡುಗೆಮನೆಗೆ ವಾಪಸ್ ಕೊಡಬೇಡಿ. ಟ್ಯಾಂಕಿಗೆ ಬರೀ ನೀರು ಹಾಕಿ, ಎಂದಿನ ಪ್ರೆಷರ್‌ನಲ್ಲಿ ನಾಜಲ್‌ನಿಂದ ಬರುವ ನೀರನ್ನು ಸರಿಯಾಗಿ ಒಂದು ನಿಮಿಷ ಹಿಡಿಯಿರಿ. ಮೊಬೈಲ್‌ನಲ್ಲೇ ಟೈಮರ್ ಇದೆ. ಅದೇ ಅಳತೆಯ ಹೊಸ ನಾಜಲ್ ಹಾಕಿ ಇನ್ನೊಮ್ಮೆ ಹಿಡಿಯಿರಿ. ಹಳೆಯದರಲ್ಲಿ 10%ಗಿಂತ ಹೆಚ್ಚು ಬಂದರೆ ಅದರ ಆಯಸ್ಸು ಮುಗಿದಿದೆ. ಕಡಿಮೆ ಬಂದರೆ ಕಟ್ಟಿಕೊಂಡಿದೆ, ತೊಳೆಯಿರಿ.

ಇಷ್ಟೆಲ್ಲ ನೋಡಿಕೊಂಡರೂ ಔಷಧ ಹೊಡೆಯುವಾಗ ತಲೆಸುತ್ತು, ವಾಂತಿ, ಬಾಯಲ್ಲಿ ನೀರೂರುವುದು, ವಿಪರೀತ ಬೆವರು, ಕಣ್ಣು ಮಂಜಾಗುವುದು ಕಂಡರೆ ಅದನ್ನು ಬಿಸಿಲಿನ ಸುಸ್ತು ಎಂದು ತಳ್ಳಿಹಾಕಬೇಡಿ. ಕೆಲಸ ನಿಲ್ಲಿಸಿ, ಬಟ್ಟೆ ಬದಲಿಸಿ, ಸೋಪು ಹಾಕಿ ಮೈ ತೊಳೆದು, 108ಕ್ಕೆ ಕರೆ ಮಾಡಿ. ಔಷಧದ ಡಬ್ಬಿ ಅಥವಾ ಅದರ ಚೀಟಿಯನ್ನು ಆಸ್ಪತ್ರೆಗೆ ಜೊತೆಯಲ್ಲೇ ಒಯ್ಯಿರಿ. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ವಿಷದ ತೀವ್ರತೆ ಹೇಳುತ್ತದೆ. ಕೆಂಪು ಅತಿ ಹೆಚ್ಚು, ನಂತರ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಎಂದರೆ ವಿಷವಲ್ಲ ಎಂದಲ್ಲ. ಯಾವ ಬೆಳೆಗೆ ಯಾವ ಔಷಧ, ಎಷ್ಟು ಎಂಬ ಅನುಮಾನವಿದ್ದರೆ ಕಿಸಾನ್ ಕಾಲ್ ಸೆಂಟರ್‌ನ ಉಚಿತ ಸಂಖ್ಯೆ 1800-180-1551ಕ್ಕೆ ಕೇಳಬಹುದು.

"ತಂತಿ ಹಾಕಿ, ತಿರುಪು ಬಿಗಿ ಮಾಡಿ" ಎಂಬ ಸಂದೇಶ ನಿಮ್ಮ ಗುಂಪಿಗೂ ಬಂದಿದ್ದರೆ ಅದರ ಕೆಳಗೆ ಇಷ್ಟು ಬರೆದು ಕಳಿಸಿ: "ಮೊದಲು ಬರೀ ನೀರಿನಲ್ಲಿ ಗೇಜ್ ನೋಡಿ, ನಾಜಲ್ ನೋಡಿ, ವಾಪಸ್ ಪೈಪು ನೋಡಿ. ಕಾರಣ ಗೊತ್ತಾದ ಮೇಲೆ ತಿರುಪಿಗೆ ಕೈ ಹಾಕಿ."